ನಾಯಿಯ ಬಾಯಿ ನಾರಲೇಬೇಕೆ?

“ನಾಯಿಯ ಬಾಯಿ ನಾರದೆ ಮಲ್ಲಿಗೆಯಂತೆ ಘಮಘಮಿಸೀತೆ?” — ಈ ಮಾತನ್ನು ಒಮ್ಮೆಯಾದರೂ ಕೇಳದೆ ನಾಯಿ ಸಾಕಿದವರು ನಮ್ಮಲ್ಲಿ ಇರಲಾರರು. ಹೇಳುವವರು ಅದನ್ನು ಪ್ರಶ್ನೆಯ ರೂಪದಲ್ಲಿ ಹೇಳುತ್ತಾರೆಯೇ ಹೊರತು ಉತ್ತರವನ್ನು ಬಯಸುವುದಿಲ್ಲ. ಬೇವು ಕಹಿ, ಬೆಂಕಿ ಬಿಸಿ, ನಾಯಿಯ ಬಾಯಿ ದುರ್ಗಂಧ. ಇದು ಸೃಷ್ಟಿಕರ್ತನ ಕಟ್ಟಳೆ, ಇದರಲ್ಲಿ ಮನುಷ್ಯನು ಮಾಡಬಹುದಾದದ್ದು ಏನೂ ಇಲ್ಲ ಎಂಬುದು ಅವರ ಇಂಗಿತ. ಓದುಬರಹ ಬಲ್ಲವರು, ನಾಯಿಗೆ ಇಂಗ್ಲಿಷ್ ಹೆಸರಿಟ್ಟು ಇಂಗ್ಲಿಷಿನಲ್ಲಿಯೇ ಗದರಿಸುವವರು ಕೂಡ ಹೀಗೆಯೇ ನುಡಿಯುತ್ತಾರೆ. ನನ್ನ ಜಗಳ ಈ ಮಾತಿನೊಡನೆ.

ಆರೋಗ್ಯವಾಗಿರುವ ನಾಯಿಯ ಬಾಯಿ ನಾರುವುದಿಲ್ಲ. ಉಂಡ ಅನ್ನದ ವಾಸನೆ, ಪ್ರಾಣಿಯ ಮೈಗೆ ಸಹಜವಾದ ಒಂದಿಷ್ಟು ವಾಸನೆ ಇದ್ದೀತು. ಅದು ಬೇರೆ ಮಾತು. ಆದರೆ ನಾಯಿ ಪ್ರೀತಿಯಿಂದ ಮೊಣಕಾಲಿನ ಮೇಲೆ ಗಲ್ಲವಿಟ್ಟಾಗ ಯಜಮಾನನು ಮುಖ ತಿರುಗಿಸಿಕೊಳ್ಳಬೇಕಾದಂಥ ನಾತ ಬಂದಿತೆಂದರೆ, ಆ ಬಾಯಿಯೊಳಗೆ ಏನೋ ಕೊಳೆಯುತ್ತಿದೆ ಎಂದೇ ಅರ್ಥ. ನಮ್ಮ ಮಗುವಿನ ಬಾಯಿ ಹಾಗೆ ನಾರಿದರೆ ನಾವು ಅದನ್ನು ಮಗುವಿನ ಧರ್ಮವೆನ್ನುತ್ತೇವೆಯೆ?

ಕೆಡುವ ಬಗೆಯಲ್ಲಿ ಗೂಢವಾದುದು ಏನೂ ಇಲ್ಲ. ಉಜ್ಜದ ಹಲ್ಲಿನ ಮೇಲೆ ಒಂದು ದಿನದೊಳಗಾಗಿ ಸೂಕ್ಷ್ಮಜೀವಿಗಳ ಲೋಳೆಯಂಥ ಪದರವೊಂದು ಹರಡಿಕೊಳ್ಳುತ್ತದೆ. ಆಗ ಒದ್ದೆ ಬಟ್ಟೆಯಿಂದ ಒರೆಸಿದರೂ ಅದು ಹೋಗುತ್ತದೆ. ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಅದರಲ್ಲಿ ಸೇರಿ, ಎರಡು ಮೂರು ದಿನಗಳಲ್ಲಿಯೇ ಗಟ್ಟಿಯಾಗತೊಡಗುತ್ತದೆ. ಆಮೇಲೆ ಯಾವ ಬಟ್ಟೆಗೂ ಯಾವ ಬ್ರಷ್ಷಿಗೂ ಅದು ಜಗ್ಗುವುದಿಲ್ಲ. ನಾಯಿಯ ಜೊಲ್ಲು ನಮ್ಮ ಜೊಲ್ಲಿಗಿಂತ ಹೆಚ್ಚು ಕ್ಷಾರಗುಣದ್ದು. ಆದ್ದರಿಂದ ನಮ್ಮಂತೆ ನಾಯಿಗೆ ಹಲ್ಲು ಹುಳುಕಾಗುವುದು ಅಪರೂಪ, ಆದರೆ ಕಿಟ್ಟ ಕಟ್ಟುವುದು ಬಲು ಬೇಗ. “ನಮ್ಮ ಟಾಮಿಗೆ ಒಂದು ಹಲ್ಲೂ ಹುಳುಕಿಲ್ಲ” ಎಂದು ಹೆಮ್ಮೆಪಡುವ ಮಹನೀಯರು ಟಾಮಿಯ ಮೇಲ್ದುಟಿಯನ್ನು ಸ್ವಲ್ಪ ಎತ್ತಿ, ಹಿಂದಿನ ದವಡೆಹಲ್ಲುಗಳ ಬಣ್ಣವನ್ನೊಮ್ಮೆ ನೋಡುವುದು ಒಳ್ಳೆಯದು. ಹಳದಿಯಿಂದ ಕಂದಿಗೆ ತಿರುಗಿದ ಆ ಕಿಟ್ಟ ವಸಡಿನ ಅಡಿಗೆ ಇಳಿದರೆ ವಸಡು ಕೆಂಪಾಗಿ ಊದಿಕೊಂಡು ರಕ್ತ ಒಸರುತ್ತದೆ. ಇಷ್ಟರವರೆಗಿನದು ಸರಿಹೋಗುವ ರೋಗ. ಇದನ್ನೂ ದಾಟಿ ಹಲ್ಲನ್ನು ಹಿಡಿದುಕೊಂಡಿರುವ ಎಲುಬೇ ಕರಗತೊಡಗಿದರೆ, ಕರಗಿದ ಎಲುಬು ತಾನಾಗಿ ಮತ್ತೆ ಬೆಳೆಯುವುದಿಲ್ಲ. ನಮ್ಮ ಮೂಗಿಗೆ ಬಡಿಯುವುದು ಅಲ್ಲಿ ನಡೆಯುತ್ತಿರುವ ಕೊಳೆತದಿಂದ ಹೊರಡುವ ಗಂಧಕದ ಅನಿಲ. ಎಲ್ಲ ನಾತವೂ ಹಲ್ಲಿನದೇ ಎಂದೂ ಅಲ್ಲ: ಮೂತ್ರದಂತೆ ಘಾಟು ಬಂದರೆ ಮೂತ್ರಪಿಂಡವನ್ನೂ, ವಿಚಿತ್ರವಾದ ಸಿಹಿವಾಸನೆ ಬಂದರೆ ಸಕ್ಕರೆಯ ಕಾಯಿಲೆಯನ್ನೂ ವೈದ್ಯರು ಶಂಕಿಸುತ್ತಾರೆ.

“ನೋವಿದ್ದರೆ ತಿನ್ನುತ್ತಿತ್ತೆ? ತಟ್ಟೆ ನೆಕ್ಕಿ ಬರಿದು ಮಾಡುತ್ತಿದೆಯಲ್ಲ!” ಎಂಬುದು ಇನ್ನೊಂದು ವಾದ. ತಿನ್ನುತ್ತದೆ, ನಿಜ. ಹಸಿವು ನೋವಿಗಿಂತ ದೊಡ್ಡದು. ಒಂದೇ ಪಕ್ಕದಿಂದ ಅಗಿಯುತ್ತದೆ, ಅಗಿಯದೆಯೇ ನುಂಗುತ್ತದೆ, ಬಾಯಿಂದ ತುತ್ತು ಜಾರಿಸಿ ಮತ್ತೆ ಎತ್ತಿಕೊಳ್ಳುತ್ತದೆ. ಆದರೂ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ನಾಯಿಗೆ ಹಲ್ಲುನೋವೆಂದು ರಜೆಯ ಅರ್ಜಿ ಬರೆಯಲು ಬರುವುದಿಲ್ಲ.

ಇದನ್ನು ನಾನು ಕಣ್ಣಾರೆ ಕಂಡದ್ದು ಕೊಳ್ಳೇಗಾಲದ ಬಳಿಯ ಮುಳ್ಳೂರಿನಲ್ಲಿ. ಕಾವೇರಿಯ ದಂಡೆಯ ಊರು, ನನ್ನ ಮಾವನವರ ಊರು. ಮಾವನವರು ಎತ್ತಿನ ಪರೀಕ್ಷೆಯಲ್ಲಿ ನುರಿತವರು. ಜಾತ್ರೆಯಲ್ಲಿ ಕಟ್ಟಿದ ಹೋರಿಯ ಕೆಳದುಟಿಯನ್ನು ಹೆಬ್ಬೆರಳಿನಿಂದ ಮಡಚಿ, ಹಾಲುಹಲ್ಲೋ ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದ್ದೋ ಎಂದು ಕ್ಷಣದಲ್ಲಿ ಹೇಳಬಲ್ಲರು. ದಲ್ಲಾಳಿಯ ಸುಳ್ಳು ಅವರ ಮುಂದೆ ನಡೆಯುವುದಿಲ್ಲ. ಅಂಥವರ ಹಟ್ಟಿಯಲ್ಲಿ ಕರಿಯ ಎಂಬ ಊರುನಾಯಿ ಒಂಬತ್ತು ವರ್ಷ ಗದ್ದೆ ಕಾದಿತ್ತು. ಒಂದು ದಿನ ಅದರ ಬಲಗಣ್ಣಿನ ಕೆಳಗೆ ನಿಂಬೆಕಾಯಿಯಷ್ಟು ಊತ ಬಂದಿತು. ಯಾವುದೋ ಹುಳು ಕಚ್ಚಿರಬೇಕೆಂದು ಅರಿಸಿನ ಹಚ್ಚಿದರು. ಊತ ಒಡೆದು ಕೀವು ಸೋರಿ ಇಳಿಯಿತು. ತಿಂಗಳೊಳಗಾಗಿ ಮತ್ತೆ ಬಂದಿತು. ಆಮೇಲೆ ಕರಿಯ ಮುದ್ದೆಯನ್ನು ಮೂಸಿ ಬಿಡತೊಡಗಿತು. ಬಾಯಿಯ ಒಂದು ಪಕ್ಕದಿಂದ ಜೊಲ್ಲು ಇಳಿಯುತ್ತಿತ್ತು. ಪಕ್ಕದ ಮನೆಯವರು “ಉಚ್ಚು ಹಿಡ್ದದ, ಒಡ್ದಾಕ್ಬುಡಿ” ಎಂದರು. ಬೀದಿಯ ಹುಡುಗರ ಕೈಗೆ ಕೋಲು ಬಂದಿತು.

ಪಟ್ಟಣದಿಂದ ಬಂದ ಪಶುವೈದ್ಯರು ಮೊದಲು ರೇಬೀಸಿನ ಲಸಿಕೆ ಹಾಕಿಸಿದ್ದೀರಾ ಎಂದು ಕೇಳಿ, ನಡವಳಿಕೆಯನ್ನು ದೂರದಿಂದ ನೋಡಿ ಖಚಿತಪಡಿಸಿಕೊಂಡರು. ಆಮೇಲೆ ಮತ್ತು ಬರುವ ಮದ್ದು ಕೊಟ್ಟು ತುಟಿ ಎತ್ತಿದರು. ಮೇಲುದವಡೆಯಲ್ಲಿ ಎಲ್ಲಕ್ಕಿಂತ ದೊಡ್ಡದಾದ, ಮಾಂಸವನ್ನು ಕತ್ತರಿಯಂತೆ ಕತ್ತರಿಸುವ ಹಲ್ಲೊಂದಿದೆ. ಅದು ಉದ್ದಕ್ಕೆ ಸೀಳಿಹೋಗಿತ್ತು. ಆ ಹಲ್ಲಿಗೆ ಮೂರು ಬೇರುಗಳು. ಬೇರಿನ ತುದಿ ಕಣ್ಣಿನ ಅಡಿಗೇ ಮುಟ್ಟುತ್ತದೆ. ಊತ ಅಲ್ಲಿ ಕಾಣಿಸಿಕೊಂಡದ್ದು ಹಾಗಾಗಿ. ಸುತ್ತಲಿನ ಹಲ್ಲುಗಳ ಮೇಲೆ ಬೆಲ್ಲದ ಕೊಪ್ಪರಿಗೆಯ ತಳದಂತೆ ಕಿಟ್ಟ. ಹಲ್ಲು ಕಿತ್ತರು, ವಾರ ತುಂಬುವುದರೊಳಗೆ ಕರಿಯ ಸಾರಿನಲ್ಲಿ ಕಿವುಚಿದ ಮುದ್ದೆಯನ್ನು ಉಂಡಿತು, ಕೋಲು ಹಿಡಿದಿದ್ದ ಹುಡುಗರನ್ನೇ ಬೊಗಳಿತು.

ಎತ್ತಿನ ಬಾಯಿಯನ್ನು ಅಷ್ಟು ಚೆನ್ನಾಗಿ ಬಲ್ಲ ಮಾವನವರನ್ನು ನಾನು ಕೇಳಿದೆ: ಒಂಬತ್ತು ವರ್ಷದಲ್ಲಿ ಇದರ ತುಟಿಯನ್ನು ಒಮ್ಮೆ ಎತ್ತಿ ನೋಡಬಾರದಾಗಿತ್ತೆ? ಅವರು ಸಿಟ್ಟಾಗಲಿಲ್ಲ. “ಅಳಿಯಂದಿರೇ, ಎತ್ತಿನ ಬಾಯ ಬೆಲ ಕಟ್ಟಕ್ಕ ನೋಡ್ತೀವಿ. ನಾಯಿ ಬಾಯ ನೋಡಿ ಯಾವ ಬೆಲ ಕಟ್ಟದು, ಹೇಳಿ?” ಎಂದರು. ನಗರದ ಮಹನೀಯರ ಮಲ್ಲಿಗೆಯ ಮಾತಿಗಿಂತ ಇದು ಎಷ್ಟೋ ಪ್ರಾಮಾಣಿಕವಾದ ಉತ್ತರ. ಬೆಲೆ ಕಟ್ಟದ ಬಾಯಿಯನ್ನು ಯಾರೂ ನೋಡುವುದಿಲ್ಲ. ಆದರೆ ನಗರದಲ್ಲಿ ಇಪ್ಪತ್ತು ಸಾವಿರ, ಮೂವತ್ತು ಸಾವಿರ ಕೊಟ್ಟು ಮರಿಯನ್ನು ತಂದವರೂ ಅದರ ಬಾಯಿಯನ್ನು ನೋಡುವುದಿಲ್ಲವಲ್ಲ, ಅದಕ್ಕೇನು ಹೇಳೋಣ?

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಜೊಲ್ಲು ಸುರಿಸುತ್ತ, ಬಾಯಿ ಮುಚ್ಚಲಾಗದೆ, ನೀರು ನುಂಗಲಾಗದೆ ಇರುವ ನಾಯಿಯ ಬಾಯಿಗೆ, ಅದು ಮನೆಯದೇ ಆಗಲಿ, ಯಾರೂ ಬೆರಳು ಹಾಕಬಾರದು. ಅದು ಹಲ್ಲುನೋವಾಗಿರಬಹುದು, ರೇಬೀಸ್ ಆಗಿರಬಹುದು, ತೀರ್ಮಾನಿಸಬೇಕಾದವರು ವೈದ್ಯರು. ನಾನು ಇಲ್ಲಿ ಹೇಳುತ್ತಿರುವುದೆಲ್ಲ ಲಸಿಕೆ ಹಾಕಿಸಿದ, ನಮ್ಮ ಕೈಯ ಪರಿಚಯವಿರುವ, ಆರೋಗ್ಯವಾಗಿರುವ ಸಾಕುನಾಯಿಯನ್ನು ಕುರಿತದ್ದು. ಬೀದಿಯಲ್ಲಿ ಕಂಡ ನಾಯಿಗೆ ಹಲ್ಲುಜ್ಜಲು ಹೊರಟು ಯಾರೂ ನನ್ನನ್ನು ದೂರಬಾರದು.

ಕರಿಯನ ಹಲ್ಲು ಸೀಳಿದ್ದು ಕುರಿಯ ಕಾಲುಮೂಳೆಯಿಂದ ಎಂದು ವೈದ್ಯರ ಅಭಿಪ್ರಾಯ. ನಮ್ಮಲ್ಲಿ ಮೂಳೆಯನ್ನು ನಾಯಿಯ ಹಲ್ಲುಪುಡಿ ಎಂದೇ ಭಾವಿಸಿದ್ದೇವೆ: “ಒಂದು ಮೂಳೆ ಹಾಕಿ, ಕಡಿದು ಕಡಿದು ತಾನೇ ಶುದ್ಧವಾಗುತ್ತದೆ.” ಕಡಿಯುವುದರಿಂದ ಹಲ್ಲಿನ ಮೇಲಿನ ಪದರ ಒಂದಿಷ್ಟು ಸವೆಯುವುದು ಸುಳ್ಳಲ್ಲ. ಆದರೆ ಬೇಯಿಸಿದ ಮೂಳೆ ಚೂಪಾಗಿ ಸಿಗಿದು ಗಂಟಲಿಗೂ ಕರುಳಿಗೂ ಚುಚ್ಚುತ್ತದೆ. ಗಟ್ಟಿಮೂಳೆ ಹಲ್ಲನ್ನೇ ಮುರಿಯುತ್ತದೆ. ಪಶುದಂತ ವೈದ್ಯರು ಒಂದು ಸುಲಭ ಪರೀಕ್ಷೆ ಹೇಳುತ್ತಾರೆ: ಅಗಿಯಲು ಕೊಡುವ ವಸ್ತುವಿನ ಮೇಲೆ ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಬೀಳಬೇಕು, ಬೀಳದಿದ್ದರೆ ಅದು ನಾಯಿಯ ಹಲ್ಲಿಗಿಂತ ಗಟ್ಟಿಯೆಂದು ತಿಳಿಯಬೇಕು. ಕಾಡಿನ ತೋಳಕ್ಕೆ ಬ್ರಷ್ಷು ಯಾರು ಕೊಟ್ಟರು ಎಂದು ಕೇಳುವವರಿದ್ದಾರೆ. ಯಾರೂ ಕೊಟ್ಟಿಲ್ಲ, ಹಲ್ಲು ಮುರಿದ ತೋಳ ಹದಿನಾಲ್ಕು ವರ್ಷ ಬದುಕಿ ಸೋಫಾದ ಮೇಲೆ ಮಲಗುವುದೂ ಇಲ್ಲ.

ಇನ್ನು ಎಲ್ಲಕ್ಕಿಂತ ದೊಡ್ಡ ಆಕ್ಷೇಪಣೆಗೆ ಬರೋಣ. ಇದು ಪಾಶ್ಚಾತ್ಯರ ಶೋಕಿ, ಮನುಷ್ಯರಿಗೇ ಗತಿಯಿಲ್ಲದ ನಾಡಿನಲ್ಲಿ ನಾಯಿಗೆ ಬ್ರಷ್ಷೇ, ನಮ್ಮ ಸಂಸ್ಕೃತಿಗೆ ಇದು ಹೊಂದುತ್ತದೆಯೇ ಎನ್ನುತ್ತಾರೆ. ಸಂಸ್ಕೃತಿಯ ಮಾತು ಬಂದುದರಿಂದ ಕನ್ನಡ ಮೇಷ್ಟರಾದ ನನಗೆ ಸ್ವಲ್ಪ ಬಾಯಿ ಬಂದಿತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ವೀರಗಲ್ಲು, ಸುಮಾರು 950 ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿಸಿದ ಮಣಲೆರನೆಂಬ ವೀರನು ಗಂಗರ ಬೂತುಗನಿಂದ ಮೆಚ್ಚುಗೆಯಾಗಿ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪವೆಲ್ಲ ತಗಲುತ್ತದೆಂದೂ ಬರೆಯಿಸಿದರು. ನಾಯಿಯ ಲೆಕ್ಕವಿಡುವುದು ಕನ್ನಡಿಗರಿಗೆ ಇಂಗ್ಲಿಷಿನವರು ಕಲಿಸಿದ ಪಾಠವಲ್ಲ. ಕಾಳಿ ಹಂದಿಯನ್ನು ಕೊಂದದ್ದು ಯಾತರಿಂದ? ಹಲ್ಲಿನಿಂದ. 2005 ರಲ್ಲಿ ಅಂಚೆಯ ಇಲಾಖೆಯವರು ಮುಧೋಳದ ನಾಯಿಯ ಚಿತ್ರವಿರುವ ಚೀಟಿ ತಂದಾಗ ನಾವೆಲ್ಲ ಹಿಗ್ಗಿದೆವು. ಕಲ್ಲಿನ ಮೇಲಣ ನಾಯಿ, ಚೀಟಿಯ ಮೇಲಣ ನಾಯಿ ನಮಗೆ ಇಷ್ಟ, ಅವೆರಡೂ ನಾರುವುದಿಲ್ಲ.

ಶೋಕಿಯ ಮಾತೂ ಹಾಗೆಯೆ. ನೈಲಾನ್ ಎಳೆಯ ಬ್ರಷ್ಷು ಜಗತ್ತಿಗೆ ಬಂದದ್ದೇ 1938 ರಲ್ಲಿ. ಅದಕ್ಕೆ ಮುಂಚೆ ಬ್ರಷ್ಷಿಗೆ ಹಂದಿಯ ಕೂದಲನ್ನು ಬಳಸುತ್ತಿದ್ದರು. ಬೇವಿನ ಕಡ್ಡಿ, ಹೊಂಗೆಯ ಕಡ್ಡಿ, ಇದ್ದಿಲ ಪುಡಿಯಿಂದ ಹಲ್ಲುಜ್ಜುತ್ತಿದ್ದ ನಮ್ಮ ಹಿರಿಯರಿಗೆ ಪೇಸ್ಟು ಬ್ರಷ್ಷುಗಳು ಶೋಕಿಯಾಗಿಯೇ ಕಂಡಿದ್ದವು. ಈಗ ಅವರ ಮೊಮ್ಮಕ್ಕಳು ನಾಯಿಯ ಬ್ರಷ್ಷನ್ನು ಕಂಡು ನಗುತ್ತಾರೆ. ಖರ್ಚಿನ ವಿಚಾರ ನೋಡಿದರೆ ಒಂದು ಮಕ್ಕಳ ಬ್ರಷ್ಷು, ದಿನಕ್ಕೆ ಎರಡು ನಿಮಿಷ, ಇಷ್ಟೇ. ಹಲ್ಲು ಕೀಳಿಸುವ ಖರ್ಚಿನ ಮುಂದೆ ಇದನ್ನು ಶೋಕಿಯೆಂದು ಕರೆಯಲು ಗಣಿತ ಗೊತ್ತಿರಬಾರದು.

ನಿಜವಾದ ಶೋಕಿ ಬೇರೆ ಇದೆ. ಅದು ಅಂಗಡಿಯ ಗಾಜಿನ ಬೀರುವಿನಲ್ಲಿದೆ. ಬಾಯಿಗೆ ಸಿಂಪಡಿಸುವ ಪುದೀನದ ನೀರು, ಕುಡಿಯುವ ನೀರಿಗೆ ಹಾಕುವ ಹನಿ, ಹಸಿರು ಬಣ್ಣದ ಮೂಳೆಯಾಕಾರದ ಬಿಸ್ಕತ್ತು. ಹಬ್ಬದ ದಿನ ಕೊಟ್ಟಿಗೆ ತೊಳೆಯದೆ ಊದುಬತ್ತಿ ಹಚ್ಚಿದಂತೆ, ನಾತವನ್ನು ಮುಚ್ಚಿದರೆ ರೋಗದ ಒಂದೇ ಒಂದು ಸೂಚನೆಯನ್ನೂ ನಾವು ಕಳೆದುಕೊಂಡಂತಾಯಿತು. ಇವುಗಳಲ್ಲಿ ಉಪಯೋಗಕ್ಕೆ ಬರುವಂಥವೂ ಕೆಲವು ಇವೆ; ಪದರವನ್ನೋ ಕಿಟ್ಟವನ್ನೋ ಕಡಿಮೆ ಮಾಡುವುದೆಂದು ಪರೀಕ್ಷೆಯ ವಿವರ ಒಪ್ಪಿಸಿದ ಸರಕಿಗೆ ಅಮೆರಿಕದ ‘ವೆಟರಿನರಿ ಓರಲ್ ಹೆಲ್ತ್ ಕೌನ್ಸಿಲ್’ ಎಂಬ ಮಂಡಳಿ 1997 ರಿಂದ ಈಚೆಗೆ ಮುದ್ರೆ ಒತ್ತಿಕೊಡುತ್ತಿದೆ. ಆದರೆ ಮುದ್ರೆಯಿದ್ದರೂ ಅವು ಬ್ರಷ್ಷಿನ ಜೊತೆಗೆ ಸಲ್ಲುವ ಸರಕು. ಬ್ರಷ್ಷಿಗೆ ಬದಲಾಗಿ ಅಲ್ಲ. ಮತ್ತು ಕೊಡದೆಯೇ ಮೇಲಿಂದ ಕೆರೆದು ಹಲ್ಲನ್ನು ಹೊಳೆಯಿಸಿಕೊಡುವವರೂ ಕೆಲವೆಡೆ ಇದ್ದಾರೆ. ಅದು ಹೊರಗೋಡೆಗೆ ಸುಣ್ಣ ಬಳಿಯುವ ಕೆಲಸ. ರೋಗವಿರುವುದು ವಸಡಿನ ಅಡಿಯಲ್ಲಿ. ಎಚ್ಚರವಿರುವ ಯಾವ ನಾಯಿಯೂ ಅಲ್ಲಿಗೆ ಉಪಕರಣ ಹಾಕಲು ಬಿಡುವುದಿಲ್ಲ.

ಈ ರೋಗ ಹೆಚ್ಚಾಗಿ ಕಾಡುವುದು ಪಟ್ಟಣದವರು ಮುದ್ದಿನಿಂದ ಸಾಕುವ ಪುಟ್ಟ ಜಾತಿಗಳನ್ನು. ದೊಡ್ಡ ನಾಯಿಗಿರಲಿ ಸಣ್ಣ ನಾಯಿಗಿರಲಿ, ಬೆಳೆದ ಮೇಲೆ ಹಲ್ಲು 42. ಮುಧೋಳದ ನಾಯಿಯ ನೀಳವಾದ ಮುಖದಲ್ಲಿ ಅವು ಸಾಲಾಗಿ ನಿಲ್ಲುತ್ತವೆ. ಪಗ್ಗಿನ ಚಪ್ಪಟೆ ಮುಖದಲ್ಲಿ, ಪಾಮರೇನಿಯನ್ನಿನ ಹಿಡಿಯಷ್ಟು ಬಾಯಿಯಲ್ಲಿ ಅಷ್ಟೇ ಹಲ್ಲುಗಳು ಸಂತೆಯ ದಿನದ ಬಸ್ಸಿನಂತೆ ಓರೆಯಾಗಿ, ಅಡ್ಡವಾಗಿ ಇರುಕಿಕೊಳ್ಳುತ್ತವೆ. ಸಂದುಸಂದಿನಲ್ಲಿ ಅನ್ನ ಸಿಕ್ಕಿಕೊಳ್ಳುತ್ತದೆ. ಆ ಮುಖವನ್ನು ಹಾಗೆ ಮಾಡಿದ್ದು ದೇವರಲ್ಲ, ಚಂದಕ್ಕಾಗಿ ತಳಿ ಆರಿಸಿದ ಮನುಷ್ಯ. ಆಮೇಲೆ ಹಾಲನ್ನ, ಬಿಸ್ಕತ್ತು ತಿನ್ನಿಸುವವನೂ ಅವನೇ, ನಾರುತ್ತದೆಂದು ಮಂಚದಿಂದ ಕೆಳಕ್ಕೆ ನೂಕುವವನೂ ಅವನೇ. ಸಣ್ಣ ನಾಯಿಯ ಕೆಳದವಡೆಯ ಎಲುಬು ತೆಳುವಾದದ್ದು. ರೋಗದಿಂದ ಕರಗಿದ ಮೇಲೆ ಆಟದ ಭರದಲ್ಲಿ ದವಡೆಯೇ ಮುರಿದುಹೋಗುವುದುಂಟು.

ಹಾಗಾದರೆ ಮಾಡಬೇಕಾದದ್ದೇನು? ಮೊದಲ ದಿನವೇ ಬ್ರಷ್ಷು ಹಿಡಿದು ಕುಸ್ತಿಗೆ ಇಳಿಯಬಾರದು. ಮರಿಯಾಗಿರುವಾಗಲೇ ಶುರುಮಾಡಿದರೆ ಉತ್ತಮ. ಬೆರಳಿಗೆ ಉಪ್ಪು, ಈರುಳ್ಳಿ ಹಾಕದ ಮಾಂಸದ ರಸ ಹಚ್ಚಿ ನೆಕ್ಕಿಸಬೇಕು. ನಾಲ್ಕು ದಿನ ಹೋದ ಮೇಲೆ ಅದೇ ಬೆರಳಿಗೆ ಹಳೆಯ ಪಂಚೆಯ ಮೆತ್ತನೆಯ ತುಂಡು ಸುತ್ತಿ ಹಲ್ಲಿನ ಹೊರಮೈಯನ್ನು ಸವರಬೇಕು. ಅದು ಒಗ್ಗಿದ ಮೇಲೆ ಮಕ್ಕಳ ಮೆದು ಬ್ರಷ್ಷು. ಬಾಯಿ ತೆರೆಸಬೇಕಾದದ್ದೇ ಇಲ್ಲ; ಬಾಯಿ ಮುಚ್ಚಿರುವಾಗಲೇ ಕೆನ್ನೆಯ ಚರ್ಮವನ್ನು ಮೇಲಕ್ಕೆತ್ತಿ, ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿಟ್ಟು ಸಣ್ಣಸಣ್ಣ ಸುತ್ತು ತಿರುಗಿಸಬೇಕು. ಒಳಮೈಯನ್ನು ನಾಯಿಯ ನಾಲಗೆ ಬಹುಮಟ್ಟಿಗೆ ನೋಡಿಕೊಳ್ಳುತ್ತದೆ. ಹೊಳೆಯುವ ಕೋರೆಹಲ್ಲನ್ನಷ್ಟೆ ಉಜ್ಜಿ ಮುಗಿಸುವವರು ಬಹಳ. ಕಿಟ್ಟ ಹೆಚ್ಚಾಗಿ ಕಟ್ಟುವುದು ಮೇಲುದವಡೆಯ ಹಿಂದಿನ ಹಲ್ಲುಗಳಿಗೆ. ಅಲ್ಲಿಂದಲೇ ಮೊದಲು ಮಾಡಬೇಕು, ನಾಯಿಯ ತಾಳ್ಮೆ ಮುಗಿಯುವುದರೊಳಗೆ ಮುಖ್ಯವಾದದ್ದು ಆಗಿರಲಿ. ದಿನವೂ ಉಜ್ಜಬೇಕು. ಭಾನುವಾರಕ್ಕೊಮ್ಮೆ ಉಜ್ಜುತ್ತೇವೆ ಎನ್ನುವವರಿಗೆ, ಪದರ ಗಟ್ಟಿಯಾಗಲು ಎರಡು ಮೂರು ದಿನ ಸಾಕು ಎಂಬುದನ್ನು ನೆನಪಿಸುತ್ತೇನೆ.

ನಮ್ಮ ಪೇಸ್ಟನ್ನು ಮಾತ್ರ ನಾಯಿಗೆ ಹಾಕಬಾರದು. ನಾವು ಉಗುಳುತ್ತೇವೆ, ನಾಯಿ ನುಂಗುತ್ತದೆ. ಅದರಲ್ಲಿರುವ ಫ್ಲೋರೈಡು, ನೊರೆ ಬರಿಸುವ ಪದಾರ್ಥ ಹೊಟ್ಟೆಗೆ ಸಲ್ಲದವು. ಕೆಲವು ಪೇಸ್ಟುಗಳಲ್ಲಿ ಮತ್ತು ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರುತ್ತದೆ. ಮನುಷ್ಯರಿಗೆ ಹಾನಿಯಿಲ್ಲದ ಅದು ನಾಯಿಗೆ ವಿಷ. ಗಂಟೆಯೊಳಗೇ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು, ಯಕೃತ್ತನ್ನೂ ಕೆಡಿಸಬಲ್ಲದು. ಉಪ್ಪು, ಅಡುಗೆ ಸೋಡ, ಇದ್ದಿಲ ಪುಡಿ, ಲವಂಗದೆಣ್ಣೆ ಇವೂ ಬೇಡ. ನಾಯಿಗೆಂದೇ ಮಾಡಿದ ಪೇಸ್ಟು ಸಿಕ್ಕರೆ ಸರಿ. ಸಿಗದಿದ್ದರೆ ಬರಿಯ ನೀರಿನಲ್ಲಿ ಅದ್ದಿದ ಬ್ರಷ್ಷೇ ಸಾಕು. ಕೆಲಸ ಮಾಡುವುದು ತಿಕ್ಕುವಿಕೆ, ಪೇಸ್ಟು ಬರಿಯ ಲಂಚ.

ಈಗಾಗಲೇ ಕಿಟ್ಟ ಕಟ್ಟಿ ವಸಡು ಕೆಂಪಾಗಿರುವ ಮುದಿನಾಯಿಗೆ ಇವತ್ತು ಸಂಜೆಯೇ ಬ್ರಷ್ಷು ಹಾಕಬಾರದು. ಆ ಬಾಯಿಗೆ ಬ್ರಷ್ಷು ನೋವನ್ನು ಕೊಡುತ್ತದೆ, ನಿಮಗೆ ಕಚ್ಚು ಕೊಡುತ್ತದೆ. ಮೊದಲು ವೈದ್ಯರಿಂದ ಶುದ್ಧಿಯಾಗಬೇಕು, ಆಮೇಲೆ ನಮ್ಮ ಕೈ. ವೈದ್ಯರೆಂದರೆ ಇನ್ನೊಂದು ತೊಡಕು ಬರುತ್ತದೆ. ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ಹಸು, ಎಮ್ಮೆ, ಕುರಿಗಳ ಕೆಲಸವೇ ಮುಗಿಯುವುದಿಲ್ಲ. ನಾಯಿಯ ಹಲ್ಲಿಗೆ ಬೇಕಾದ ಉಪಕರಣವನ್ನು ಹುಡುಕಿಕೊಂಡು ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಹನೂರಿನ ಕಾಡಂಚಿನ ಹಾಡಿಯವನು, ಯಳಂದೂರಿನ ಕೂಲಿಯವನು ಹೋಗುತ್ತಾನೆಯೆ? ಆದ್ದರಿಂದಲೇ ರೋಗ ಅಲ್ಲಿಯವರೆಗೆ ಬೆಳೆಯದಂತೆ ಹಿಡಿಯುವುದು ಪಟ್ಟಣದವರಿಗಿಂತ ಹಳ್ಳಿಯವರಿಗೆ ಹೆಚ್ಚು ಅಗತ್ಯ. ಇಲಾಖೆಯವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ, ಹೊಸ ಕಟ್ಟಡವನ್ನೂ ಕೇಳುತ್ತಿಲ್ಲ. ಸೆಪ್ಟೆಂಬರ್ 28 ರ ರೇಬೀಸ್ ದಿನದ ಸುಮಾರಿಗೆ ಊರೂರಿನಲ್ಲಿ ಲಸಿಕೆಯ ಶಿಬಿರ ನಡೆಯುತ್ತದೆ. ಯಜಮಾನನು ನಾಯಿಯನ್ನು ಕಾಲಿನ ಸಂದಿಯಲ್ಲಿ ಅವುಚಿ ಹಿಡಿದಿರುತ್ತಾನೆ, ಸೂಜಿ ಹಾಕುವವರು ಪಕ್ಕದಲ್ಲಿರುತ್ತಾರೆ. ಅದೇ ಹೊತ್ತಿನಲ್ಲಿ ಯಜಮಾನನ ಕೈಯಿಂದಲೇ ಮೇಲ್ದುಟಿಯನ್ನು ಎತ್ತಿಸಿ, ಹಿಂದಿನ ಹಲ್ಲನ್ನು ಅವನಿಗೆ ತೋರಿಸಿ, ಇದು ಈ ಬಣ್ಣಕ್ಕೆ ತಿರುಗಿದರೆ ನಮ್ಮ ಹತ್ತಿರ ಬಾ ಎಂದು ಹೇಳಿ ಕಳುಹಿಸಲಿ.